ಇಬ್ಬರು ಹುಲಿಗೆಮ್ಮರು ಮತ್ತು ನಾನು ಆರಿಸಿದ ಟೂಲ್

ನಾನು ಕೆಲಸ ಮಾಡುತ್ತಿದ್ದ ದವಾಖಾನೆಯ ಕಂಪ್ಯೂಟರ್ ಕೋಣೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. “ಮೇಡಂ, ಡೇಟಾಬೇಸ್ ನೋಡಾಕ, ತಿದ್ದಾಕ ಯಾವ ಟೂಲ್ ಚೊಲೋ ಇರತದ್ರಿ? ನೀವೊಂದು ಹೇಳಿಬಿಡ್ರಿ, ಅದನ್ನಾ ಹಾಕ್ಕೋತೀವಿ” ಎಂದು ಕೇಳಿದರು. ನಾನು ಚಹಾ ಕೊಟ್ಟು, ಅವರ ಊರು ಮನೆ ವಿಚಾರಿಸಿ ಕಳಿಸಿಬಿಟ್ಟೆ. ಉತ್ತರ ಒಂದೇ ಮಾತಿನದು. ಆದರೆ ಆ ಮಾತಿನ ಹಿಂದೆ ಗೊರೇಬಾಳದ ಒಬ್ಬ ಹೆಂಗಸು ಕಳೆದುಕೊಂಡ ಕೂಸು ಇದೆ. ಅದನ್ನು ಬಿಟ್ಟು ಟೂಲಿನ ಹೆಸರಷ್ಟೇ ಹೇಳುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಮನೆ ನೋಡಿಕೊಂಡು ಇದ್ದವಳು. ಕಾನ್ವೆಂಟಿನಲ್ಲಿ ಓದಿದ್ದೆ, ಇಂಗ್ಲಿಷ್ ಓದಿದರೆ ತಿಳಿಯುತ್ತಿತ್ತು, ಅಕ್ಷರ ದುಂಡಗಿದ್ದವು. ಇಷ್ಟೇ ನನ್ನ ಅರ್ಹತೆ. ಯಜಮಾನರಿಗೆ ಕಾಲುವೆ ಇಲಾಖೆಯಿಂದ ಸಿಂಧನೂರಿಗೆ ವರ್ಗವಾಯಿತು. ಮಕ್ಕಳು ಶಾಲೆಗೆ ಹೋದ ಮೇಲೆ ಹೊತ್ತು ಹೋಗುತ್ತಿರಲಿಲ್ಲ. ಒಂದು ಟ್ರಸ್ಟ್ ನಡೆಸುತ್ತಿದ್ದ ಹೆರಿಗೆ ದವಾಖಾನೆಯಲ್ಲಿ ರಿಜಿಸ್ಟರ್ ಬರೆಯುವ ಅರ್ಧ ದಿನದ ಕೆಲಸ ಸಿಕ್ಕಿತು. ಅರ್ಧ ದಿನ ಮೆಲ್ಲಗೆ ಪೂರ್ತಿ ದಿನವಾಯಿತು. ರಿಜಿಸ್ಟರ್ ಹೋಗಿ ಕಂಪ್ಯೂಟರ್ ಬಂತು. ನಾನು ಉಳಿದೆ.

ಲಿಂಗಸುಗೂರು ಮತ್ತು ಮಸ್ಕಿಯಲ್ಲಿ ನಮ್ಮ ಸಣ್ಣ ಶಾಖೆಗಳಿದ್ದವು. ಮೂರೂ ಕಡೆ ಬರುವ ಗರ್ಭಿಣಿಯರ ವಿವರ ಸಿಂಧನೂರಿನ ಒಂದೇ ಡೇಟಾಬೇಸಿನಲ್ಲಿ ಸೇರುತ್ತಿತ್ತು. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಸಾಲು. ಸಾಲಿನಲ್ಲಿ ಹೆಸರು, ಗಂಡನ ಹೆಸರು, ಊರು, ವಯಸ್ಸು, ರಕ್ತದ ಗುಂಪು ಹೀಗೆ ಒಂದೊಂದಕ್ಕೆ ಒಂದೊಂದು ಖಾನೆ. ದೊಡ್ಡ ರಿಜಿಸ್ಟರೇ, ಪುಟ ತಿರುವುವ ಸದ್ದು ಮಾತ್ರ ಇಲ್ಲ.

ಮೊದಲು ಅದನ್ನು ಮುಟ್ಟುವ ಅಧಿಕಾರ ಖಾಜಾ ಹುಸೇನರೊಬ್ಬರಿಗೇ ಇತ್ತು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು, ಮಾತು ಮಾತ್ರ ಹಿರಿಯರದು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಆಜ್ಞೆ ಬರೆದು ಕೆಲಸ ಮಾಡಿಸುತ್ತಿದ್ದರು. ಏನಾದರೂ ತಿದ್ದಬೇಕಾದರೆ ನಾವು ಒಂದು ಚೀಟಿ ಬರೆದು ಕೊಡಬೇಕು. ಅವರು ಅದನ್ನು ಓದಿ, ಎರಡು ಮಡಿಕೆ ಮಾಡಿ, ಮೇಜಿನ ಮೇಲೆ ನಿಲ್ಲಿಸಿದ್ದ ಚೂಪು ತಂತಿಯ ಸರಿಗೆಗೆ ಚುಚ್ಚಿ, ಆಮೇಲೆ ಪ್ರಶ್ನೆ ಶುರು ಮಾಡುತ್ತಿದ್ದರು.

“ಯಾವ ಬಸಮ್ಮ, ಮೇಡಂ?”

“ವಳಕಮದಿನ್ನಿ ಬಸಮ್ಮ. ಬರದೀನಲ್ಲ, ಖಾಜಾಭಾಯಿ.”

“ವಳಕಮದಿನ್ನ್ಯಾಗ ಬಸಮ್ಮಗೋಳಿಗೆ ಬರಗಾಲ ಬಂದದೇನ್ರಿ? ಯಾರ ಮಗಳು, ಯಾರ ಸೊಸಿ ಕೇಳ್ರಿ. ಅಷ್ಟರಾಗ ನಾ ಚಾ ಕುಡದು ಬರ್ತೀನಿ.”

ಚಹಾ ಕುಡಿದು ಬಂದು ತಾವೇ ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡುತ್ತಿದ್ದರು. ಆಕೆ ಮನೆಗೆ ಹೋಗಿ ಕೇಳಿ ಬಂದು ಹೇಳಬೇಕು. ಒಂದು ವಯಸ್ಸು ತಿದ್ದಲು ಮೂರು ದಿನ. ನನಗೆ ಸಿಟ್ಟು ಬರುತ್ತಿತ್ತು, ತೋರಿಸುತ್ತಿರಲಿಲ್ಲ. ನಮ್ಮ ಆಡಳಿತಾಧಿಕಾರಿ ಶರಣಬಸಪ್ಪನವರು ತೋರಿಸುತ್ತಿದ್ದರು.

“ಇದೇನ್ ಕೋರ್ಟ್ ಕೇಸೇನ್ರಿ ಖಾಜಾ? ತಾರೀಖ ಮ್ಯಾಲ ತಾರೀಖ! ಮೇಡಂ, ನೀವು ಇಂಗ್ಲಿಷ್ ಓದಿದವರದೀರಿ. ಎಲ್ಲಾರೂ ತಿದ್ದಾಕ ಬರೋವಂಥದು ಒಂದು ಟೂಲ್ ಆರಿಸ್ರಿ. ಜಲ್ದಿ ಆಗಬೇಕು.”

ಹಾಗೆ ಆ ಕೆಲಸ ನನ್ನ ಪಾಲಿಗೆ ಬಂತು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಮನೆಯಲ್ಲಿ ಮಿಕ್ಸರ್ ಆರಿಸಿದ್ದೆ, ಪರದೆ ಬಟ್ಟೆ ಆರಿಸಿದ್ದೆ. ಕಚೇರಿಗೆ ಒಂದು ವಸ್ತು ಆರಿಸು ಎಂದು ಯಾರೂ ಹೇಳಿರಲಿಲ್ಲ.

ಮೂರು ಟೂಲ್ ಇಳಿಸಿಕೊಂಡು, ಮೂರು ಶನಿವಾರ ಒಂದೊಂದನ್ನು ಹಚ್ಚಿ ನೋಡಿದೆವು. ಮೊದಲನೆಯದು ಡೇಟಾಬೇಸ್ ಮಾಡಿದವರೇ ಪುಕ್ಕಟೆ ಕೊಟ್ಟದ್ದು. ನಮ್ಮ ಹಳೆ ಕಂಪ್ಯೂಟರಿನಲ್ಲಿ ಅದು ತೆರೆಯುವುದರೊಳಗೆ ನಾನು ಕಿಟಕಿಯ ಧೂಳು ಒರೆಸಿ ಮುಗಿಸುತ್ತಿದ್ದೆ. ಎಡಗಡೆ ಕೊಂಬೆ ಕೊಂಬೆಯಾಗಿ ನೂರೆಂಟು ಹೆಸರು. ಮಸ್ಕಿಯ ಗುಮಾಸ್ತೆ ಅದನ್ನು ನೋಡಿಯೇ ಕೈ ಹಿಂದೆ ತೆಗೆದುಕೊಂಡಳು. ಎರಡನೆಯದೂ ಪುಕ್ಕಟೆಯೇ. ಖಾನೆಯಲ್ಲಿ ಏನಾದರೂ ತಿದ್ದಿದರೆ ಆ ಖಾನೆ ಹಳದಿಯಾಗಿ ನಿಲ್ಲುತ್ತಿತ್ತು, ‘ಉಳಿಸು’ ಗುಂಡಿ ಒತ್ತುವ ತನಕ ಒಳಗೆ ಹೋಗುತ್ತಿರಲಿಲ್ಲ. ಯಾರು ಯಾವಾಗ ಏನು ಮಾಡಿದರು ಎಂದು ಪಟ್ಟಿಯನ್ನೂ ಇಟ್ಟುಕೊಳ್ಳುತ್ತಿತ್ತು. ಮೂರನೆಯದು ಹಗುರ. ಒತ್ತಿದ ಕೂಡಲೇ ತೆರೆಯುತ್ತಿತ್ತು. ತಿಳಿ ನೀಲಿ ಗೆರೆ, ಒಳ್ಳೆ ನೋಟ್‌ಬುಕ್ಕಿನ ಹಾಗೆ. ತಿದ್ದಿ ಪಕ್ಕದ ಖಾನೆಗೆ ಹೋದರೆ ಸಾಕು, ಉಳಿದುಬಿಡುತ್ತಿತ್ತು. ಏನನ್ನೂ ಕೇಳುತ್ತಿರಲಿಲ್ಲ.

“ಮೇಡಂ, ಎರಡನೇದು ತಗೋರಿ” ಎಂದರು ಖಾಜಾ ಹುಸೇನ್. “ಹಳದಿ ಆಗಿ ನಿಂತಾಗ ಮನಸ್ಸು ಬದಲಾದ್ರ ವಾಪಸ್ ಬರಬಹುದು. ನಿಮ್ಮ ಮೂರನೇದು ಬೆರಳು ಎತ್ತೋದ್ರಾಗ ಬರದುಬಿಡತದ.”

“ಅದಕ್ಕಾ ಅಲ್ಲೇನು ಕೆಲಸ ಜಲ್ದಿ ಆಗೋದು?”

“ಜಲ್ದಿ ಯಾಕ್ರಿ? ನಮ್ದು ಒಂಬತ್ತು ತಿಂಗಳಿನ ಧಂದೆ.”

ನಾನು ನಕ್ಕೆ. ಅವರು ನಗಲಿಲ್ಲ. “ಹಂಗಾರ ಒಂದು ಮಾಡ್ರಿ. ಟೂಲ್ ಯಾವುದರ ಇರಲಿ, ಎಲ್ಲಾರಿಗೂ ಬರೇ ನೋಡಾಕ ಕೊಡ್ರಿ. ತಿದ್ದಾಕ ಚೀಟಿನಾ ಬರಲಿ.”

“ನಿಮ್ಮನ್ನ ನಂಬಂಗಿಲ್ಲ ಅಂತ ಅವರ ಮುಖಕ್ಕ ಹೇಳಿದಂಗ ಆಗತದ, ಖಾಜಾಭಾಯಿ. ಛಲೋ ಅಲ್ಲ ಅದು.”

ನಾನು ಮೂರನೆಯದನ್ನೇ ಬರೆದು ಕೊಟ್ಟೆ. ಶರಣಬಸಪ್ಪನವರು ಕಾಗದ ಓದದೆ ಸಹಿ ಮಾಡಿದರು. ಸರಿಗೆಗೆ ಚುಚ್ಚಿದ್ದ ಚೀಟಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿಸಿದರು.

ಮೊದಲ ತಿಂಗಳಲ್ಲೇ ಒಂದು ಸೂಚನೆ ಸಿಕ್ಕಿತ್ತು. ಲಿಂಗಸುಗೂರಿನಲ್ಲಿ ಯಾರೋ ಕೀಲಿಮಣೆಯ ಮೇಲೆ ಫೈಲು ಇಟ್ಟು ಊಟಕ್ಕೆ ಹೋದರು. ಇಪ್ಪತ್ತೆರಡು ವರ್ಷದ ಒಬ್ಬ ಬಾಣಂತಿಯ ವಯಸ್ಸು ಇನ್ನೂರ ಇಪ್ಪತ್ತೆರಡಾಗಿ ಉಳಿದುಬಿಟ್ಟಿತು. ಶರಣಬಸಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇನ್ನೂರು ದಾಟಿದಾಕಿಗೆ ಹೆರಿಗಿ ಮಾಡಿಸೀವಿ ಅಂದ್ರ ಪೇಪರ್‌ನ್ಯಾಗ ಬರತೀವಲ್ರಿ ಮೇಡಂ!” ನಾವೆಲ್ಲ ನಕ್ಕು ಮರೆತೆವು. ಖಾಜಾ ಹುಸೇನ್ ಮಾತ್ರ ಅವತ್ತಿನಿಂದ ತಿಂಗಳಿಗೊಮ್ಮೆ ಇಡೀ ಡೇಟಾಬೇಸಿನ ಪ್ರತಿ ತೆಗೆದು ಬೇರೆ ಕಡೆ ಇಡಲು ಶುರು ಮಾಡಿದರು. ಯಾರೂ ಹೇಳಿರಲಿಲ್ಲ.

ಈಗ ನಾನು ಮಾಡಿದ ಕೆಲಸಕ್ಕೆ ಬರುತ್ತೇನೆ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಆರು ತಿಂಗಳ ತನಕ ಗಂಡನ ಊರಿಗೆ ಹತ್ತಿರದ ಶಾಖೆಗೆ ಬರುವ ಹುಡುಗಿ ಏಳನೇ ತಿಂಗಳಿಗೆ ತವರಿಗೆ ಹೋಗಿ, ಅಲ್ಲಿಗೆ ಹತ್ತಿರದ ಶಾಖೆಯಲ್ಲಿ ಹೊಸದಾಗಿ ಹೆಸರು ಹಚ್ಚುತ್ತಾಳೆ. ಒಬ್ಬಳೇ ಹೆಂಗಸಿಗೆ ಎರಡು ಸಾಲು. ಮೊದಲಿನ ಪರೀಕ್ಷೆಗಳು ಒಂದು ಸಾಲಿನಲ್ಲಿ, ಹೆರಿಗೆ ಇನ್ನೊಂದರಲ್ಲಿ. ಡಾಕ್ಟರು ಬೇಜಾರಾಗುತ್ತಿದ್ದರು. ಅಂಥ ಜೋಡಿಗಳನ್ನು ಹುಡುಕಿ ಕೂಡಿಸುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ದಿನಾ ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ಕೂತರೆ ಸಂಜೆಯ ತನಕ ಅದೇ. ಹೆಸರು, ಗಂಡನ ಹೆಸರು, ವಯಸ್ಸು, ತಿಂಗಳು ಎಲ್ಲ ಹೊಂದಿಸಿ, ಒಂದು ಸಾಲಿನ ವಿವರ ಇನ್ನೊಂದಕ್ಕೆ ಸೇರಿಸಿ, ಉಳಿದದ್ದನ್ನು ಅಳಿಸುತ್ತಿದ್ದೆ. ಸಣ್ಣ ಸಣ್ಣದು ನನ್ನ ಕಣ್ಣಿಗೆ ಬೀಳುತ್ತದೆ ಎಂದು ಎಲ್ಲರೂ ಹೊಗಳುತ್ತಿದ್ದರು.

ಒಂದು ಮಧ್ಯಾಹ್ನ ಹುಲಿಗೆಮ್ಮ ಸಿಕ್ಕಳು. ಗಂಡ ಯಮನಪ್ಪ, ಊರು ಗೊರೇಬಾಳ, ವಯಸ್ಸು ಇಪ್ಪತ್ತೊಂದು. ಸಿಂಧನೂರಿನಲ್ಲಿ ಹೆಸರು ಹಚ್ಚಿದ್ದೇ ಏಳನೇ ತಿಂಗಳಿಗೆ. ತವರಿಗೆ ಬಂದಾಳೆ, ಗಂಡನ ಊರು ಬೇರೆ ಇರಬೇಕು ಎಂದುಕೊಂಡು ಹುಡುಕಿದೆ. ಮಸ್ಕಿ ಶಾಖೆಯಲ್ಲಿ ಸಿಕ್ಕಿತು. ಹುಲಿಗೆಮ್ಮ, ಗಂಡ ಯಮನಪ್ಪ, ಊರು ಸಂತೆಕಲ್ಲೂರು, ವಯಸ್ಸು ಇಪ್ಪತ್ತೊಂದು. ಆರನೇ ತಿಂಗಳ ನಂತರ ಬಂದೇ ಇಲ್ಲ. ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು.

ರಕ್ತದ ಗುಂಪು ಮಾತ್ರ ಹೊಂದಲಿಲ್ಲ. ಸಂತೆಕಲ್ಲೂರಿನ ಸಾಲಿನಲ್ಲಿ ಓ ಪಾಸಿಟಿವ್, ಗೊರೇಬಾಳದ ಸಾಲಿನಲ್ಲಿ ಓ ನೆಗೆಟಿವ್. ನಾನು ಅದನ್ನು ನೋಡಲಿಲ್ಲ ಎಂದು ಹೇಳಲಾರೆ. ನೋಡಿದೆ. ನೆಗೆಟಿವ್ ಅಪರೂಪ, ನಮ್ಮ ಲ್ಯಾಬಿನವರು ಅವಸರದಲ್ಲಿ ತಪ್ಪು ಒತ್ತಿದ್ದಾರೆ ಎಂದುಕೊಂಡೆ. ಹೆಚ್ಚು ಜನಕ್ಕೆ ಇರುವುದೇ ಇವಳಿಗೂ ಇರಬೇಕು ಎಂದು ತೀರ್ಮಾನಿಸಿದೆ. ಗೊರೇಬಾಳದ ವಿವರಗಳನ್ನು ಸಂತೆಕಲ್ಲೂರಿನ ಸಾಲಿಗೆ ಸೇರಿಸಿ, ಗೊರೇಬಾಳದ ಸಾಲನ್ನು ಅಳಿಸಿದೆ. ಟೂಲ್ ಏನೂ ಕೇಳಲಿಲ್ಲ. ಎದ್ದು ಹೋಗಿ ಚಹಾ ಕುಡಿದೆ.

ಹೆರಿಗೆಯ ದಿನ ಭಾನುವಾರ. ಲ್ಯಾಬ್ ಮುಚ್ಚಿತ್ತು. ನಾನು ಮನೆಯಲ್ಲಿ ಚಪಾತಿ ಹಿಟ್ಟು ಕಲಸುತ್ತಿದ್ದೆ, ಹೆರಿಗೆ ವಾರ್ಡಿನ ಸಿಸ್ಟರ್ ಸುನಂದಾ ಫೋನ್ ಮಾಡಿದರು.

“ಮೇಡಂ, ಗೊರೇಬಾಳದ ಹುಲಿಗೆಮ್ಮಗ ಹೆಣ್ಣು ಕೂಸು ಹುಟ್ಟ್ಯದ. ಆಕಿ ಕಾರ್ಡಿನ್ಯಾಗ ನೆಗೆಟಿವ್ ಬರದಾರ, ಕಂಪ್ಯೂಟರ್‌ನ್ಯಾಗ ಪಾಸಿಟಿವ್ ಅದ. ಯಾವುದು ಹಿಡಿಯೋದು?”

“ಕಂಪ್ಯೂಟರಿಂದಾ ಹಿಡೀರಿ ಸಿಸ್ಟರ್. ನಾನಾ ಹಸನ ಮಾಡೀನಿ ಅದನ್ನ.”

ಹಿಟ್ಟು ಮೆತ್ತಿದ ಕೈಯಿಂದ ಫೋನಿಗೆ ಅಂಟಿದ್ದನ್ನು ಸೆರಗಿನಿಂದ ಒರೆಸಿದ್ದು ನೆನಪಿದೆ. ಅಷ್ಟು ನೆನಪಿದೆ, ‘ನಾಳೆ ಲ್ಯಾಬ್ ತೆರೆದ ಮೇಲೆ ಇನ್ನೊಮ್ಮೆ ನೋಡಿಸಿರಿ’ ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ಸಿಸ್ಟರ್ ಕಾರ್ಡಿನ ನೆಗೆಟಿವ್‌ಗೆ ಗೀಟು ಹೊಡೆದು ಪಾಸಿಟಿವ್ ಎಂದು ಬರೆದರು.

ನೆಗೆಟಿವ್ ರಕ್ತದ ತಾಯಿಗೆ ಪಾಸಿಟಿವ್ ರಕ್ತದ ಕೂಸು ಹುಟ್ಟಿದರೆ ಮೂರು ದಿನದೊಳಗೆ ಒಂದು ಇಂಜೆಕ್ಷನ್ ಕೊಡಬೇಕು. ಕೊಡದಿದ್ದರೆ ಆಗ ಏನೂ ಗೊತ್ತಾಗುವುದಿಲ್ಲ. ಆ ಕೂಸೂ ಚೆನ್ನಾಗಿರುತ್ತದೆ, ತಾಯಿಯೂ ಚೆನ್ನಾಗಿರುತ್ತಾಳೆ. ಮುಂದಿನ ಕೂಸಿಗೆ ತಾಯಿಯ ರಕ್ತವೇ ವೈರಿಯಾಗಬಹುದು. ಹುಲಿಗೆಮ್ಮನಿಗೆ ಆ ಇಂಜೆಕ್ಷನ್ ಯಾರೂ ಕೊಡಲಿಲ್ಲ.

ಎರಡು ವರ್ಷದ ಮೇಲೆ ಆಕೆ ಮತ್ತೆ ಬಸುರಾಗಿ ಬಂದಳು. ಏಳನೇ ತಿಂಗಳಲ್ಲಿ ಕೂಸಿನ ಅಲುಗಾಟ ಕಡಿಮೆಯಾಗಿದೆ ಎಂದು ಹೆದರಿ ಬಂದಾಗ ಹೊಸ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಓ ನೆಗೆಟಿವ್ ಬಂತು. ಅವತ್ತೇ ರಾಯಚೂರಿಗೆ ಕಳಿಸಿದರು. ಮೂರನೇ ದಿನ ಕೂಸು ಹೊಟ್ಟೆಯಲ್ಲೇ ಹೋಯಿತು ಎಂದು ಸುದ್ದಿ ಬಂತು. ಗಂಡು.

ಖಾಜಾ ಹುಸೇನ್ ತಾವು ತೆಗೆದಿಟ್ಟಿದ್ದ ಹಳೆಯ ಪ್ರತಿಗಳನ್ನು ಒಂದೊಂದಾಗಿ ತೆರೆದರು. ಒಂದರಲ್ಲಿ ಇಬ್ಬರೂ ಹುಲಿಗೆಮ್ಮರು ಬೇರೆ ಬೇರೆ ಸಾಲಿನಲ್ಲಿ ಇದ್ದರು. ಮುಂದಿನ ತಿಂಗಳ ಪ್ರತಿಯಲ್ಲಿ ಒಬ್ಬಳೇ.

“ಯಾರು ಕೂಡಿಸ್ಯಾರ ಅಂತ ಈ ಟೂಲ್ ಬರದಿಟ್ಟಿಲ್ರಿ” ಎಂದರು.

“ನಾನು, ಖಾಜಾಭಾಯಿ.”

ಅವರು ತೆರೆದ ಪ್ರತಿಗಳನ್ನು ಒಂದೊಂದಾಗಿ ಮುಚ್ಚಿದರು. “ನಾ ಅವತ್ತು ಇನ್ನ ಜರಾ ಜಗಳ ಮಾಡಬೇಕಾಗಿತ್ತು” ಎಂದರು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಶರಣಬಸಪ್ಪನವರ ಎದುರು ನಾನು ಆ ಮಾತು ಹೇಳಲಿಲ್ಲ. ‘ಎರಡು ದಾಖಲೆ ಕೂಡಿಹೋಗಿವೆ’ ಎಂದೆ. ಯಾರೂ ಮಾಡದೆ ತಾವೇ ಕೂಡಿಕೊಂಡ ಹಾಗೆ. ಅವರು ‘ಕಂಪ್ಯೂಟರ್ ದೋಷ’ ಎಂದು ಬರೆದುಕೊಂಡರು. ಹುಲಿಗೆಮ್ಮನ ಮನೆಯವರಿಗೂ ಹಾಗೆಯೇ ಹೇಳಿ ಕಳಿಸಿದರು. ಆಮೇಲೆ ಎರಡನೆಯ ಟೂಲ್ ಬಂತು. ತಿದ್ದುವ ಅಧಿಕಾರ ಖಾಜಾ ಹುಸೇನರಿಗೇ ಹೋಯಿತು, ಹೊಸ ಸರಿಗೆಯೂ ಬಂತು. ನಾನು ಇನ್ನೂ ಕೆಲವು ತಿಂಗಳು ದುಡಿದು, ಹಾರ ಹಾಕಿಸಿಕೊಂಡು ನಿವೃತ್ತಳಾದೆ. ಹಾರ ಹಾಕುವಾಗ ಶರಣಬಸಪ್ಪನವರು ‘ಒಂದು ತಪ್ಪು ಇಲ್ಲದಂಗ ಕೆಲಸ ಮಾಡಿದವರು’ ಎಂದರು. ಖಾಜಾ ಹುಸೇನ್ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಹುಡುಗಿಯರೇ, ನೀವು ಕೇಳಿದ್ದಕ್ಕೆ ಉತ್ತರ ಇಷ್ಟು: ತಿದ್ದಿದ್ದನ್ನು ತಡೆದು ನಿಲ್ಲಿಸುವ, ಯಾರು ತಿದ್ದಿದರು ಎಂದು ಬರೆದಿಡುವ ಟೂಲನ್ನೇ ತೆಗೆದುಕೊಳ್ಳಿ. ಎಷ್ಟೇ ನಿಧಾನವಾಗಲಿ. ನಾನು ಆರಿಸುವಾಗ ನೋಡಿದ್ದು ಬೆರಳಿನ ಸುಖ. ಗೊರೇಬಾಳಕ್ಕೆ ಫೋನ್ ಮಾಡಿ ‘ಯಾರ ಮಗಳು, ಯಾರ ಸೊಸಿ’ ಎಂದು ಕೇಳುವ ಒಬ್ಬ ಮನುಷ್ಯನನ್ನು ತೆಗೆದುಹಾಕುತ್ತಿದ್ದೇನೆ ಎಂದು ನನಗೆ ಹೊಳೆಯಲೇ ಇಲ್ಲ. ಹಾಗೆ ನೋಡಿದರೆ ಎರಡನೆಯ ಟೂಲ್ ಇದ್ದಿದ್ದರೂ ನಾನು ‘ಉಳಿಸು’ ಒತ್ತುತ್ತಿದ್ದೆನೇನೋ. ಆದರೆ ಆ ಹಳದಿ ಬಣ್ಣ ಒಂದು ನಿಮಿಷ ನನ್ನ ಎದುರಿಗೆ ನಿಂತಿರುತ್ತಿತ್ತು. ಆ ಒಂದು ನಿಮಿಷದ ಬಗ್ಗೆ ನಾನು ಎಷ್ಟು ಸಲ ಯೋಚಿಸಿದ್ದೇನೆ ಎಂದು ಹೇಳಲಾರೆ.

ನಿವೃತ್ತಳಾದ ವರ್ಷದೊಳಗೆ ಒಂದು ಮುಂಜಾನೆ ಆಟೋ ಹತ್ತಿ ಗೊರೇಬಾಳಕ್ಕೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹುಲಿಗೆಮ್ಮ ಕಟ್ಟೆಯ ಮೇಲೆ ಕೂತು ಅಕ್ಕಿ ಹಸನ ಮಾಡುತ್ತಿದ್ದಳು. ಮಗಳು ಪಕ್ಕದಲ್ಲಿ ಹರಳು ಆರಿಸಿ ಒಂದು ಕಡೆ ಸಾಲಾಗಿ ಇಡುತ್ತಿತ್ತು.

“ಯಾರ್ರೀ ಅಕ್ಕೋರ?”

“ದವಾಖಾನಿಯಾಗ ಕಂಪ್ಯೂಟರ್ ಬರೀತಿದ್ದೆನವ್ವ.”

“ಕಂಪ್ಯೂಟರ್ ತಪ್ಪು ಮಾಡ್ತಂತಲ್ರಿ, ಅದಾ?”

“ಕಂಪ್ಯೂಟರ್ ಮಾಡಿದ್ದಲ್ಲವ್ವ. ನಾ ಮಾಡಿದ್ದು.”

ಎಲ್ಲ ಹೇಳಿದೆ. ಇಬ್ಬರನ್ನು ಒಬ್ಬಳನ್ನಾಗಿ ಮಾಡಿದ್ದು, ನೆಗೆಟಿವ್ ಕಂಡರೂ ನಂಬದೇ ಹೋದದ್ದು, ಸಿಸ್ಟರ್ ಫೋನ್ ಮಾಡಿದಾಗ ಹೇಳಿದ ಮಾತು. ಒಳಗಿನಿಂದ ಆಕೆಯ ಅತ್ತೆ ಹೊರಬಂದು ಬಾಗಿಲಲ್ಲಿ ನಿಂತರು. “ಈಗ ಹೇಳಾಕ ಬಂದೀರೇನು? ಹೇಳಿದ್ರ ಕೂಸು ಎದ್ದು ಬರತೇನ್ರಿ?” ಎಂದರು.

ಹುಲಿಗೆಮ್ಮ ಮೊರ ಕೆಳಗಿಟ್ಟಳು. “ಏಳು ತಿಂಗಳಿಗೆ ಬಂದೀನಿ ಅಂತ ತವರಿಗೆ ಬಂದಾಳ ಅಂದ್ಕೊಂಡ್ರೇನ್ರಿ? ನಮ್ಮವ್ವ ನಾ ಸಣ್ಣಾಕಿ ಇದ್ದಾಗ್ಲೇ ಹೋಗ್ಯಾಳ್ರಿ. ನನಗ ಎಲ್ಲಿ ತವರು? ಅಲ್ಲೀತನ ಊರಾಗಿನ ನರ್ಸಮ್ಮನ ಕಡೆನಾ ತೋರಿಸ್ತಿದ್ದೆ. ಇದಾ ನನ್ನ ಅತ್ತಿಮನಿ, ಇದಾ ತವರುಮನಿ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಹುಲಿಗೆಮ್ಮ ಕೇಳಿದಳು: “ಮತ್ತ ಆಕಿ?”

“ಯಾರವ್ವ?”

“ಇನ್ನೊಬ್ಬಾಕಿ ಹುಲಿಗೆಮ್ಮ. ಸಂತೆಕಲ್ಲೂರಾಕಿ. ಆಕಿಗೇನಾತ್ರಿ? ಆಕಿ ಹೆರಿಗಿ ಚಂದಾಗಿ ಆತೇನು?”

ನನಗೆ ಗೊತ್ತಿರಲಿಲ್ಲ. ಆರನೇ ತಿಂಗಳ ನಂತರ ಬರದೇ ಇದ್ದವರ ಮನೆಗೆ ನಮ್ಮ ದವಾಖಾನೆಯಿಂದ ಒಬ್ಬರು ಹೋಗಿ ವಿಚಾರಿಸಿ ಬರುವ ಪದ್ಧತಿ ಇತ್ತು. ನಾನು ಕೂಡಿಸಿದ ಮೇಲೆ ಆ ಸಾಲಿನಲ್ಲಿ ‘ಹೆರಿಗೆ ಆಗಿದೆ, ಹೆಣ್ಣು, ತಾಯಿ ಮಗು ಕ್ಷೇಮ’ ಎಂದಿತ್ತು. ಆಕೆಯ ಮನೆಗೆ ಯಾರೂ ಹೋಗಿರಲಿಲ್ಲ. ತಪ್ಪು ಹೊರಬಿದ್ದ ಮೇಲೂ ಅಷ್ಟು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ಇಷ್ಟ್ ದಿನ ಆತು, ಕೇಳಿಲ್ಲೇನ್ರಿ?” ಎಂದಳು ಹುಲಿಗೆಮ್ಮ. ಆಕೆಯ ದನಿ ಗಡುಸಾದದ್ದು ಆಗ ಮಾತ್ರ. “ಗುರುವಾರ ನಂಗ ಕೆಲಸಿಲ್ಲ. ಹೋಗಿಬರೋಣು. ನನ್ನ ಹೆಸರಿನಾಕಿ ಅಲ್ಲೇನ್ರಿ.”

ಗುರುವಾರ ಸಿಂಧನೂರಿನಿಂದ ಮಸ್ಕಿಗೆ ಬಸ್ಸು, ಅಲ್ಲಿಂದ ಸಂತೆಕಲ್ಲೂರಿಗೆ ಆಟೋ. ಊರೊಳಗೆ ಕೇಳಿದರೆ ಒಂದು ಹುಡುಗಿ ಕರೆದುಕೊಂಡು ಹೋಗಿ ತೋರಿಸಿತು. ಅಂಗಳದ ತುಂಬ ತೊಗರಿ ಹರವಿತ್ತು. ಅದರ ನಡುವಿನ ದಾರಿಯಲ್ಲಿ ಒಬ್ಬ ಹೆಂಗಸು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕೋಳಿ ಓಡಿಸುತ್ತಿದ್ದಳು. ಬದುಕಿದ್ದಳು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

“ತವರಿಗೆ ಹೋಗಿದ್ದೆನ್ರಿ, ಲಿಂಗಸುಗೂರು ಕಡಿ” ಎಂದಳು ಆಕೆ, ನಾವು ಯಾರೆಂದು ತಿಳಿದ ಮೇಲೆ. “ಮನಿಯಾಗಾ ಹೆರಿಗಿ ಆತು. ಎರಡ್ ದಿನ ಕಷ್ಟಪಟ್ಟೆ. ದವಾಖಾನಿಯಿಂದ ಯಾರರ ಕೇಳಾಕ ಬರತಾರ ಅಂತ ನಮ್ಮವ್ವ ದಾರಿ ನೋಡಿದ್ಳು. ಬರಲಿಲ್ರಿ. ಹೋಗ್ಲಿ ಬಿಡ್ರಿ, ಉಳಕೊಂಡ್ವಿ ಇಬ್ಬರೂ. ಇದು ಎರಡನೇದು.”

ಗೊರೇಬಾಳದ ಹುಲಿಗೆಮ್ಮ ಆಕೆಯನ್ನು ಮೇಲೆ ಕೆಳಗೆ ನೋಡಿದಳು. “ನಿನ್ನ ಗಂಡನ ಹೆಸರೂ ಯಮನಪ್ಪಾನಾ ಏನ ಬೇ?”

“ಅದಾ. ಯಾಕ?”

“ನನ್ನಾಂವಂದೂ ಅದಾ. ನಿನ್ನಾಂವನೂ ಹೇಳಿದ ಮಾತು ಕೇಳಂಗಿಲ್ಲೇನು?”

“ಯಾವ ಯಮನಪ್ಪ ಕೇಳ್ಯಾನ ಬಿಡು.”

ಇಬ್ಬರೂ ನಕ್ಕರು. ಒಬ್ಬಳು ಎತ್ತರ, ಒಬ್ಬಳು ಗಿಡ್ಡ. ಒಬ್ಬಳ ಗಲ್ಲದ ಮೇಲೆ ಹಚ್ಚೆಯ ಚುಕ್ಕಿ, ಇನ್ನೊಬ್ಬಳಿಗೆ ಇಲ್ಲ. ಯಾವ ಮೂಲೆಯಿಂದ ನೋಡಿದರೂ ಬೇರೆ ಬೇರೆ ಇಬ್ಬರು ಹೆಂಗಸರು.

ಕೂಸು ಗಂಡು, ಎಂಟು ತಿಂಗಳದು. ಗೊರೇಬಾಳದ ಹುಲಿಗೆಮ್ಮ “ತಾ ಇಲ್ಲಿ” ಎಂದು ಅದನ್ನು ಎತ್ತಿಕೊಂಡಳು. ಚಹಾ ಬಂತು, ಆಕೆಯ ಲೋಟ ಪಕ್ಕದಲ್ಲೇ ಆರಿತು. ಕೂಸು ಆಕೆಯ ತಾಳಿ ಹಿಡಿದು ಎಳೆಯುತ್ತಿತ್ತು, ಆಕೆ ಬಿಡಿಸಿಕೊಳ್ಳಲಿಲ್ಲ. ಆಟೋದವನು ಎರಡು ಸಲ ಹಾರ್ನ್ ಹೊಡೆದ.

“ಬಸ್ ಹೋಗತದ, ಕೊಡವ್ವ ಇನ್ನ” ಎಂದು ಸಂತೆಕಲ್ಲೂರಿನ ಹುಲಿಗೆಮ್ಮ ಕೈ ಚಾಚಿದಳು. ಸ್ವಲ್ಪ ತಡೆದು ಇನ್ನೊಮ್ಮೆ ಚಾಚಿದಳು. ಆಗ ಈಕೆ ಕೂಸನ್ನು ಕೊಟ್ಟಳು.